ಅನಿಸುತ್ತದೆ ಎಂದು ನಾನು ಹೇಳಿದ್ದು

ಮಗಳು ಆ ಪ್ರಶ್ನೆ ಕೇಳಿದಾಗ ನಾನು ಶೇಂಗಾ ಹುರಿಯುತ್ತಿದ್ದೆ. ಮೊದಲ ಸಲ ಹೀಗೆ ಬರೆದಿದ್ದೆ. ಒಂದು ವಾರ ಬಿಟ್ಟು ಓದಿದಾಗ ಸುಳ್ಳೆನಿಸಿತು. ಅಂದು ಭಾನುವಾರ, ಭಾನುವಾರ ನಾನು ಹುರಿಯುವ ಕೆಲಸ ಇಟ್ಟುಕೊಳ್ಳುವುದಿಲ್ಲ. ಬಟ್ಟೆ ಮಡಚುತ್ತಿದ್ದೆ ಎಂದು ತಿದ್ದಿದೆ. ಅದಕ್ಕೂ ಆಧಾರವಿಲ್ಲ. ಕೈಯಲ್ಲಿ ಏನೋ ಕೆಲಸವಿತ್ತು, ಅದನ್ನು ನಿಲ್ಲಿಸದೆಯೇ ಉತ್ತರ ಕೊಟ್ಟೆ, ಅಷ್ಟು ಮಾತ್ರ ಖಾತ್ರಿ. ಪ್ರಶ್ನೆ ಮಾತ್ರ ನೆನಪಿನಲ್ಲಿ ಹಾಗೇ ಉಳಿದಿದೆ.

"ಅವ್ವಾ, ಈಗ ನಂಗೇನೂ ಅನಿಸಂಗಿಲ್ಲ. ಮುಂದ ಅನಿಸ್ತತೇನು?"

ಅವಳು ಕೇಳಿದ್ದು ನನ್ನ ತಮ್ಮನ ವಿಷಯ. ಅವನಿಗೆ ಅವಳನ್ನು ಕೊಡುವ ಮಾತು ನಮ್ಮ ಮನೆಯಲ್ಲಿ ನಡೆದಿತ್ತು. ಬೇರೆ ಯಾರನ್ನೂ ಕೇಳದೆ ನನ್ನನ್ನೇ ಕೇಳಿದ್ದಕ್ಕೆ ಕಾರಣಗಳಿದ್ದವು. ನಾನು ಹಗರಿಬೊಮ್ಮನಹಳ್ಳಿಯ ಒಂದು ಬಿ.ಇಡಿ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಮನುಷ್ಯರು ಒಬ್ಬರನ್ನೊಬ್ಬರು ಯಾಕೆ ಮೆಚ್ಚುತ್ತಾರೆ ಎಂಬ ಪಾಠ ಪ್ರತಿ ವರ್ಷವೂ ನನ್ನ ಪಾಲಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ ನನ್ನ ಗಂಡ ನನ್ನ ಸೋದರಮಾವ, ನನ್ನ ಅವ್ವನ ಒಡಹುಟ್ಟಿದ ತಮ್ಮ. ಆಗಲೇ ನಮ್ಮ ಸಂಸಾರಕ್ಕೆ ಇಪ್ಪತ್ತಮೂರು ವರ್ಷವಾಗಿತ್ತು. ಇವತ್ತಿಗೂ ಅವನನ್ನು ನಾನು ಮಾಮ ಎಂದೇ ಕರೆಯುತ್ತೇನೆ.

ಹರಪನಹಳ್ಳಿಯ ನನ್ನ ತವರುಮನೆಗೆ ಅವನು ಬಂದಾಗ ನನಗೆ ಎರಡು ವರ್ಷ, ಅವನಿಗೆ ಹನ್ನೆರಡು. ಅವರ ತಾಯಿ ತೀರಿಕೊಂಡಿದ್ದರು. ಅವ್ವ ತನ್ನ ತಮ್ಮನನ್ನು ಮನೆಗೆ ಕರೆದುಕೊಂಡು ಬಂದಳು. ನನ್ನ ಜಡೆಗೆ ರಿಬ್ಬನ್ ಕಟ್ಟುತ್ತಿದ್ದವನು ಅವನು. ಸೈಕಲ್ ಕಲಿಸಿದವನೂ ಅವನೇ ಎಂದು ಅವ್ವ ಹೇಳುತ್ತಾಳೆ. ಸೀಟಿನ ಹಿಂದೆ ಹಿಡಿದ ಕೈಯೊಂದು ನನಗೂ ನೆನಪಿದೆ, ಆದರೆ ಅದರ ಮೇಲೆ ಬಿಳಿ ಕೂದಲಿದೆ, ಅಪ್ಪನ ಕೈಯಿರಬೇಕು. ಮದುವೆಯ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲ ನೆನಪುಗಳಲ್ಲೂ ಮಾಮನ ಕೈ ಬಂದು ಕೂತಿತು. ಕೂರಿಸಿದವರು ಯಾರೆಂದು ಈಗ ಹೇಳಲಾರೆ. ನಾನೂ ಕೂರಿಸಿರಬಹುದು.

ನನ್ನ ತಮ್ಮ ನನಗಿಂತ ಹದಿಮೂರು ವರ್ಷ ಚಿಕ್ಕವನು. ಮಗಳು ಹುಟ್ಟಿದಾಗ ಅವನಿಗೆ ಹತ್ತು ವರ್ಷ. ಕೊಟ್ಟೂರಿನ ನಮ್ಮ ಮನೆಗೆ ರಜೆಗೆ ಬಂದರೆ ಅವಳನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ. ಮುಂದೆ ಅವಳು ಡಿಗ್ರಿ ಓದಲು ಹರಪನಹಳ್ಳಿಗೆ ಹೋಗಿ ಅಜ್ಜಿಯ ಮನೆಯಲ್ಲೇ ಮೂರು ವರ್ಷ ಇದ್ದಳು, ಅವನೂ ಅದೇ ಮನೆಯಲ್ಲಿದ್ದ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ, ಅವು ಕೆಟ್ಟರೆ ಹೋಗಿ ರಿಪೇರಿ ಮಾಡುವುದು ಅವನ ಕೆಲಸ. ಕುಡಿಯುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಅವನ ಮೇಲೆ ಹೇಳಲು ನನ್ನ ಬಳಿ ಒಂದು ದೂರೂ ಇಲ್ಲ. ದೂರಿದ್ದಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಕೂಡ್ಲಿಗಿಯಿಂದ ಒಂದು ಸಂಬಂಧ ಬಂದಾಗ ಇದೆಲ್ಲ ಶುರುವಾಯಿತು. ಹುಡುಗ ಹೈಸ್ಕೂಲ್ ಮೇಷ್ಟ್ರು. ಅವನ ಚಿಕ್ಕಪ್ಪ ಬಂದು, ಚಹ ಕುಡಿದು, ಹೊರಡುವ ಮೊದಲು ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದ.

"ಹುಡುಗಿಗೆ ಸೋದರಮಾವ ಅದಾನೇನ್ರಿ?"

"ಅದಾನ್ರಿ," ಎಂದ ನನ್ನ ಗಂಡ.

"ಲಗ್ನ ಆಗೇತೇನು?"

"ಇಲ್ರಿ."

"ಹಂಗಾರ ಮೊದ್ಲು ಅವ್ರನ್ನ ಕೇಳಿಬಿಡ್ರಿ. ಆಮ್ಯಾಲ ನಮ್ಮ ಕಡಿ ನೋಡಂಗಾಗಲಿ. ನಾಳಿ ಮಾತು ಬರಬಾರದಲ್ರಿ."

ಮದುವೆಯಾಗದ ಸೋದರಮಾವನಿದ್ದರೆ ಮೊದಲ ಹಕ್ಕು ಅವನದು; ಅವನು ಒಲ್ಲೆ ಎಂದ ಮೇಲೆಯೇ ಹೊರಗಿನವರು ಹೆಣ್ಣು ಕೇಳುವುದು. ಹೆಚ್ಚಿನ ಮನೆಗಳಲ್ಲಿ ಈಗ ಇದು ಬರೀ ಮಾತಿಗೆ ಉಳಿದಿದೆ. ಒಂದು ಫೋನು ಮಾಡುತ್ತಾರೆ, ಆ ಕಡೆಯವರು ಚೊಲೋ ಆತು ಮಾಡ್ರಿ ಎನ್ನುತ್ತಾರೆ, ಮುಗಿಯುತ್ತದೆ. ನಾನೂ ಹಾಗೆಯೇ ಫೋನು ಮಾಡಿದೆ. ಅವ್ವ ಫೋನಿನಲ್ಲಿ ಏನೂ ಹೇಳಲಿಲ್ಲ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬಂದಳು. ಹೆಣ್ಣು ಗೊತ್ತುಮಾಡಲು ಬರುವವರಂತೆ ಚೀಲದಲ್ಲಿ ಸಕ್ಕರೆ ಇತ್ತು, ಒಂದು ಕುಪ್ಪಸದ ಖಣವಿತ್ತು. ಫೋನು ಮಾಡಿದ್ದು ನನ್ನ ತಪ್ಪು. ಲೆಕ್ಕಕ್ಕೆ ಕೇಳುತ್ತಿದ್ದೇನೆ ಎಂದುಕೊಂಡು ಕೇಳಿದೆ. ಅವಳಿಗೆ ಅದು ಕರೆಯಾಗಿತ್ತು.

ನಾನು ಮೊದಲು ರಕ್ತಸಂಬಂಧದ ಮಾತು ತೆಗೆದೆ. ಒಂದೇ ಮನೆತನದಲ್ಲಿ ಎರಡು ತಲೆಮಾರು ಕೊಟ್ಟು ತಂದರೆ ಹುಟ್ಟುವ ಮಕ್ಕಳಿಗೆ ಏನಾಗಬಹುದು ಎಂದು ಕಾಲೇಜಿನಲ್ಲಿ ಹೇಳುವಂತೆಯೇ ಹೇಳಿದೆ. ಹೇಳಬೇಕಾದ ಮಾತೇ. ಆದರೆ ನನ್ನ ಮನಸ್ಸಿನಲ್ಲಿದ್ದ ಮಾತು ಅದಲ್ಲ, ಅದು ನಾಲಿಗೆಗೆ ಸುಲಭವಾದ ಮಾತು.

ಅವ್ವ ನನ್ನ ಮಗಳ ಕಡೆ ಕೈ ತೋರಿಸಿದಳು. "ಇಕಿ ನಿನಗ ಹುಟ್ಟ್ಯಾಳ. ಏನು ಕಣ್ಣು ಕುರುಡೈತೋ, ಕಾಲು ಕುಂಟೈತೋ? ನನ್ನ ತಮ್ಮಗ ನಿನ್ನ ಕೊಟ್ಟೆ. ಏನು ಕಡಿಮಿ ಆಗೇತಿ ನಿನಗ? ಹೇಳು, ಕೇಳ್ತೀನಿ."

ನನ್ನ ಗಂಡ ಅಲ್ಲೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಹಾಕಿಕೊಳ್ಳುವುದನ್ನು ನಿಲ್ಲಿಸಿದನೇ? ಒಂದು ಪ್ರತಿಯಲ್ಲಿ ನಿಲ್ಲಿಸಿದ ಎಂದು ಬರೆದಿದ್ದೇನೆ. ಅದು ನನ್ನ ಆಸೆ ಇರಬೇಕು.

"ಏನೂ ಕಡಿಮಿ ಆಗಿಲ್ಲ," ಎಂದೆ.

"ಮತ್ತ?"

ಎಂಟು ದಿನ ಬಿಟ್ಟು ಹೇಳುತ್ತೇವೆ ಎಂದೆ. ಅವ್ವ ಸಕ್ಕರೆಯನ್ನು ವಾಪಸು ಒಯ್ಯಲಿಲ್ಲ.

ಪಾಠದ ಬಗ್ಗೆ ಸ್ವಲ್ಪ ಹೇಳಬೇಕು. ತೀರಾ ಸರಳವಾದ ಪಾಠ. ಹತ್ತಿರವಿರುವವರನ್ನು ನಾವು ಮೆಚ್ಚುತ್ತೇವೆ, ಪಕ್ಕದ ಮನೆಯವರನ್ನು, ಪಕ್ಕದ ಬೆಂಚಿನವರನ್ನು. ಪದೇ ಪದೇ ಕಂಡದ್ದು ಹಿಡಿಸುತ್ತ ಹೋಗುತ್ತದೆ, ಅದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ನಮ್ಮಂತೆಯೇ ಯೋಚಿಸುವವರು ಹಿಡಿಸುತ್ತಾರೆ. ನಮ್ಮನ್ನು ಮೆಚ್ಚಿದವರು ಹಿಡಿಸುತ್ತಾರೆ. ಒಬ್ಬರು ಒಳಗಿನದನ್ನು ಸ್ವಲ್ಪ ಬಿಚ್ಚಿದರೆ ಇನ್ನೊಬ್ಬರೂ ಬಿಚ್ಚುತ್ತಾರೆ, ಹಾಗೆ ನಂಟು ಬೆಳೆಯುತ್ತದೆ. ಎರಡನೆಯ ಮಾತಿಗೆ ನಾನು ಯಾವಾಗಲೂ ಬಸ್ಸಿನ ಉದಾಹರಣೆ ಕೊಡುತ್ತೇನೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ನನ್ನ ಜೊತೆ ದಿನಾ ಬರುವ ಒಬ್ಬ ಹೆಂಗಸಿದ್ದಾರೆ. ಯಾವುದೋ ಆಫೀಸಿನವರು. ಒಂದು ಮಾತೂ ಆಡಿದ್ದಿಲ್ಲ. ಒಮ್ಮೆ ಒಂದು ವಾರ ಅವರು ಕಾಣದಿದ್ದಾಗ ನನಗೆ ಊಟ ಸೇರಲಿಲ್ಲ. ಇದನ್ನು ಹೇಳಿದರೆ ಹುಡುಗಿಯರು ಬರೆದುಕೊಳ್ಳುತ್ತಾರೆ.

ಆ ಎಂಟು ದಿನದಲ್ಲೇ ಈ ಪಾಠ ಬಂತು ಎಂದು ಬರೆದರೆ ಓದುವವರಿಗೆ ಚಂದ. ಬರಲಿಲ್ಲ. ಅದು ಹಿಂದಿನ ಸೆಮಿಸ್ಟರಿನಲ್ಲೇ ಮುಗಿದಿತ್ತು. ಆಗ ಹಂಪಸಾಗರದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಿದ್ದಳು, ಮದುವೆಯಾಗಿ ಎರಡು ಮಕ್ಕಳ ತಾಯಿ.

"ಮೇಡಂ, ನಮ್ಮ ಓಣ್ಯಾಗ ಹಿಂದಿನ ಮನಿಯಾಕಿನ್ನ ಮುಂದಿನ ಮನಿಗೆ ಕೊಟ್ಟಾರ್ರಿ, ಅಕ್ಕನ ಮಗಳನ್ನ ತಮ್ಮಗ ಕೊಟ್ಟಾರ್ರಿ. ಹತ್ರ ಇದ್ರ ಪ್ರೀತಿ ಹುಟ್ತತಿ ಅಂದ್ರ ನಮ್ಮ ಓಣಿ ತುಂಬ ಅದ ಸುರೀಬೇಕಿತ್ತಲ್ರಿ."

"ನಿಮ್ಮ ಮನಿಯಾಗಿಲ್ಲೇನು ಹಂಗಾರ?" ಎಂದಳು ಪಕ್ಕದವಳು.

"ನಮ್ಮ ಮನಿಯಾಗ ಟಿ.ವಿ. ಐತವಾ."

ಕ್ಲಾಸು ನಕ್ಕಿತು. ನಾನೂ ನಕ್ಕೆ. ಅದೇ ಅಧ್ಯಾಯದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲುಗಳಿವೆ. ಚಿಕ್ಕಂದಿನಿಂದ ಒಂದೇ ಸೂರಿನಡಿ ಬೆಳೆದವರ ನಡುವೆ ಗಂಡುಹೆಣ್ಣಿನ ಸೆಳೆತ ಹುಟ್ಟುವುದು ಕಷ್ಟ ಎಂದು ಕೆಲವರು ವಾದಿಸುತ್ತಾರೆ. ಪರೀಕ್ಷೆಗೆ ಅದು ಬರುವುದಿಲ್ಲ. ಅಲ್ಲಿಗೆ ಬಂದಾಗ ನಾನು ಪುಟ ತಿರುವಿ, ಮುಂದಿನದನ್ನು ನೋಡೋಣ ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಕೇಳಿಲ್ಲ.

ನಮ್ಮಲ್ಲಿ ಒಂದು ಪ್ರಾಯೋಗಿಕ ಕೆಲಸವೂ ಇದೆ, ಸಮಾಜಮಿತಿ ಎನ್ನುತ್ತೇವೆ. ಒಂದು ತರಗತಿಯ ಮಕ್ಕಳಿಗೆ ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳುವುದು: ಬಸ್ಸಿನಲ್ಲಿ ದೂರದ ಊರಿಗೆ ಹೋಗುವಾಗ ಯಾರ ಪಕ್ಕ ಕೂರುತ್ತೀ, ಯಾರ ಜೊತೆ ಊಟ ಮಾಡುತ್ತೀ, ಕಷ್ಟ ಬಂದರೆ ಯಾರಿಗೆ ಹೇಳುತ್ತೀ. ಆಮೇಲೆ ಹಾಳೆಯಲ್ಲಿ ಪ್ರತಿ ಮಗುವಿಗೂ ಒಂದು ವೃತ್ತ ಬರೆದು, ಯಾರು ಯಾರನ್ನು ಆರಿಸಿದರೋ ಅವರ ಕಡೆಗೆ ಬಾಣ ಎಳೆಯುವುದು. ಪ್ರತಿ ತರಗತಿಯಲ್ಲೂ ಒಂದಾದರೂ ವೃತ್ತ ಬಾಣವಿಲ್ಲದೆ ಮೂಲೆಯಲ್ಲಿ ಉಳಿಯುತ್ತದೆ. ಅಂಥ ಮಗುವನ್ನು ಗುರುತಿಸುವುದೇ ಇದರ ಉದ್ದೇಶ ಎಂದು ಹೇಳಿಕೊಡುತ್ತೇನೆ. ಗುರುತಿಸಿದ ಮೇಲೆ ಮಾಡುವುದೇನು ಎಂದು ಪುಸ್ತಕದಲ್ಲಿ ಎರಡೇ ಸಾಲಿದೆ.

ಕೆಲವು ವರ್ಷಗಳ ಹಿಂದೆ ಆ ಪ್ರಶ್ನೆಗಳನ್ನು ಗಂಡನಿಗೆ ಕೇಳಿದ್ದೆ. ಭಾಷೆ ಸರಿಯಾಗಿದೆಯೇ ನೋಡಬೇಕು ಎಂಬ ನೆಪ ಹೇಳಿಕೊಂಡು. ಅವನದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ, ಬಸ್ ಸ್ಟ್ಯಾಂಡಿನ ಹಿಂದೆ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಅವನು ತಾಮ್ರದ ತಂತಿ ಸುತ್ತುತ್ತಲೇ ಉತ್ತರ ಕೊಟ್ಟ, ಮನೆ ಮನೆಗೆ ಬರುವ ಜನಗಣತಿಯವರಿಗೆ ಕೊಡುವ ಹಾಗೆ.

"ಬಸ್ಸಿನ್ಯಾಗ ಯಾರ ಪಕ್ಕ ಕುಂದರ್ತಿ?"

"ಕಿಟಕಿ ಸಿಕ್ರ ಸಾಕು. ಯಾರಿದ್ರೇನು."

"ಊಟ?"

"ಊಟಕ್ಕ ನೀನ ಅಲ್ಲೇನು, ನೀಡಾಕಿ."

"ಕಷ್ಟ ಬಂದ್ರ ಯಾರಿಗೆ ಹೇಳ್ತಿ?"

"ಅಕ್ಕಗ." ಇದನ್ನು ಯೋಚಿಸದೆ ಹೇಳಿದ. ಮತ್ತೆ ತಂತಿಯ ಸುತ್ತು ಎಣಿಸಿ, ತಲೆಯೆತ್ತಿ ಕೇಳಿದ. "ನಿಂದೇನು ಮತ್ತ? ನೀ ಯಾರಿಗೆ ಹೇಳ್ತಿ?"

"ಇದು ಹುಡುಗರಿಗೆ ಕೇಳೋದು," ಎಂದು ಡಬ್ಬಿ ಬಿಚ್ಚಿದೆ.

ಬಹಳ ವರ್ಷ ನಾನು ಈ ಪ್ರಸಂಗವನ್ನು ಅವನ ಮೇಲಿನ ಆಪಾದನೆಯಾಗಿ ಇಟ್ಟುಕೊಂಡಿದ್ದೆ. ನಾನು ಬಂದದ್ದು ಒಂದೇ ಉತ್ತರದಲ್ಲಿ, ಅದೂ ಬಡಿಸುವವಳಾಗಿ. ಈಗ ಬರೆಯುವಾಗ ಕೊನೆಯ ಎರಡು ಮಾತು ಕಣ್ಣಿಗೆ ಬೀಳುತ್ತವೆ. ಅವನು ಕೇಳಿದ್ದ. ಒಬ್ಬರು ಬಿಚ್ಚಿದರೆ ಇನ್ನೊಬ್ಬರು ಬಿಚ್ಚುತ್ತಾರೆ ಎಂದು ಕಲಿಸುವವಳು ಡಬ್ಬಿಯ ಮುಚ್ಚಳ ಬಿಚ್ಚಿದ್ದಳು. ಅಥವಾ ಅವನು ಕೇಳಿರಲೇ ಇಲ್ಲವೋ, ನನ್ನ ಪಾಲಿನ ತಪ್ಪೂ ಇರಲಿ, ಸರಿಸಮ ಕಾಣಲಿ ಎಂದು ನಾನೇ ಈ ಮಾತನ್ನು ಅವನ ಬಾಯಲ್ಲಿ ಇಟ್ಟೆನೋ. ಗೊತ್ತಿಲ್ಲ.

ಅವ್ವ ಬಂದುಹೋದ ನಾಲ್ಕನೆಯ ದಿನ ನಾನು ಅವನನ್ನು ಕೇಳಿದೆ. ಬೆಳಗ್ಗೆ, ಅವನು ಅಂಗಡಿಗೆ ಹೊರಡುವ ಮುಂಚೆ, ನಾನು ಬಸ್ಸಿಗೆ ಹೊರಡುವ ಮುಂಚೆ. ಮಗಳು ಬಚ್ಚಲಲ್ಲಿದ್ದಳು.

"ಮಾಮ, ನಿನಗ ಆಗ ಏನನಿಸಿತ್ತು?"

"ಯಾವಾಗ?"

"ಆಗ. ನನ್ನ ಬಗ್ಗೆ."

ಅವನ ಮುಖ ಮೆತ್ತಗಾಯಿತು. "ನೀ ಭಾಳ ಹಟಮಾರಿ ಇದ್ದಿ. ಜ್ವರ ಬಂದ್ರ ಯಾರ ಕೈಯಾಗೂ ಗುಳಿಗಿ ನುಂಗ್ತಿದ್ದಿಲ್ಲ. ನಾನ ಹೊತ್ಕೊಂಡು ಹೋಗಬೇಕು ದವಾಖಾನಿಗೆ. ನನ್ನ ಅಂಗಿ ಮ್ಯಾಲ ಎಷ್ಟು ಸಲ ವಾಂತಿ ಮಾಡೀದಿ."

ಇಪ್ಪತ್ತಮೂರು ವರ್ಷಗಳಲ್ಲಿ ಅವನ ದನಿಯಲ್ಲಿ ಅಷ್ಟು ಅಕ್ಕರೆ ಕೇಳಿದ್ದು ನೆನಪಿಲ್ಲ. ಅದು ನಾಲ್ಕು ವರ್ಷದ ಒಂದು ಹುಡುಗಿಯ ಮೇಲಿತ್ತು.

"ಅದಲ್ಲ. ಲಗ್ನ ಮಾಡ್ತೀವಿ ಅಂದಾಗ?"

"ಅಕ್ಕ ಕೇಳಿದ್ಲು. ಅಕ್ಕಗ ಏನಂತ ಇಲ್ಲ ಅನ್ನಲಿ ನಾನು." ಆಮೇಲೆ, ಅದನ್ನು ಒರೆಸಿಹಾಕುವವನಂತೆ, "ಚೊಲೋನ ನಡದೈತೆಲ್ಲ ಈಗ," ಎಂದ.

"ಮಗಳಿಗೆ ಏನು ಹೇಳೋಣು?"

"ಆಕಿನ್ನ ಕೇಳು. ಆಕಿ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ. ಅಕ್ಕಗ ನಾ ಹೇಳ್ತೀನಿ."

ಇದು ಬಹಳ ಮುಖ್ಯ. ಅವನು ಒತ್ತಾಯ ಮಾಡಲಿಲ್ಲ. ಅವ್ವ ಕೂಡ ಹುಡುಗಿ ಒಲ್ಲೆ ಎಂದರೆ ನಾಲ್ಕು ತಿಂಗಳು ಮುನಿಸಿಕೊಂಡು ಸುಮ್ಮನಾಗುತ್ತಿದ್ದಳು. ತಮ್ಮನನ್ನು ಫೋನಿನಲ್ಲಿ ಕೇಳಿದರೆ, "ನಿಮಗ ಹೆಂಗ ಅನಿಸ್ತತೋ ಹಂಗ ಮಾಡಕ್ಕಾ," ಎಂದ. ಎಲ್ಲ ಬಾಗಿಲೂ ತೆರೆದೇ ಇದ್ದವು. ಯಾರೂ ಯಾರನ್ನೂ ಎಳೆಯಲಿಲ್ಲ. ಮಗಳ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು, ಮಗಳ ಮಾತು ನನ್ನ ಮಾತಿನ ಮೇಲೆ ನಿಂತಿತ್ತು.

ಆ ಭಾನುವಾರ ಅವಳು ನನ್ನ ಎದುರು ಬಂದು ಕುಳಿತಳು. "ಮಾಮ ಕೆಟ್ಟೋನಲ್ಲವ್ವ. ಮೂರು ವರ್ಷ ಒಂದ ಮನಿಯಾಗ ಇದ್ದೀವಿ. ಕಾಲೇಜಿಗೆ ಬಿಡ್ತಿದ್ದ, ಕರ್ಕೊಂಡು ಬರ್ತಿದ್ದ. ಅಜ್ಜಿ ಬೈದ್ರ ನನ್ನ ಕಡೀನ ಮಾತಾಡ್ತಿದ್ದ. ಆದ್ರ ಆತ ಒಳಗ ಬಂದ್ರೂ ಒಂದ, ಹೊರಗ ಹೋದ್ರೂ ಒಂದ. ಕೂಡ್ಲಿಗಿಯೋನು ಹೆಂಗದಾನೋ ಗೊತ್ತಿಲ್ಲ. ಅದಕ್ಕ ಕೇಳ್ತೀನಿ. ಈಗ ನಂಗೇನೂ ಅನಿಸಂಗಿಲ್ಲ. ಮುಂದ ಅನಿಸ್ತತೇನು? ನಿನಗ ಅನಿಸ್ತಾ?"

ಇಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ, ನಿನ್ನ ಅಪ್ಪನನ್ನು ನಾನು ಎಂದೂ ಗಂಡನಾಗಿ ಮೆಚ್ಚಲಿಲ್ಲ ಎಂದು ಅವನ ಮಗಳಿಗೆ ಹೇಳಿದಂತೆ. ಅದು ನಿಜವೇ ಎಂದೂ ಗೊತ್ತಿರಲಿಲ್ಲ. ಮೆಚ್ಚುವುದು ಎಂದರೆ ಏನು ಎಂದು ತಿಳಿಯಲು ನನಗೆ ಬೇರೆ ಯಾವ ಗಂಡಸೂ ಅಳತೆಗೆ ಇರಲಿಲ್ಲ. ಅವನು ಊರಲ್ಲಿಲ್ಲದ ದಿನ ಮನೆ ಬಿಕೋ ಎನ್ನುತ್ತದೆ. ಆದರೆ ಬಸ್ಸಿನ ಆ ಹೆಂಗಸು ಬರದ ವಾರವೂ ಹಾಗೇ ಆಗಿತ್ತಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅದೊಂದೇ ಪ್ರಾಮಾಣಿಕ ಉತ್ತರ. ನಲವತ್ತನಾಲ್ಕು ವರ್ಷದ, ಈ ವಿಷಯವನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ ತಾಯಿ, ಗೊತ್ತಿಲ್ಲ ಎಂದು ಹೇಳಲು ನಾಚಿಕೊಂಡಳು.

"ಅನಿಸ್ತತಿ," ಎಂದೆ. "ಸ್ವಲ್ಪ ಟೈಮ್ ಹಿಡೀತತಿ. ದಿನಾ ನೋಡ್ತಾ ನೋಡ್ತಾ ಅನಿಸ್ತತಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಹಂಗಾರ ಆತು ಬಿಡು," ಎಂದಳು. ಹೊಸ ಚಪ್ಪಲಿ ಸ್ವಲ್ಪ ಬಿಗಿಯಿದ್ದರೂ ಹಾಕುತ್ತ ಹಾಕುತ್ತ ಸರಿಹೋಗುತ್ತದೆ ಎಂದು ಅಂಗಡಿಯವನು ಹೇಳಿದಾಗ ಹುಡುಗಿಯರು ಒಪ್ಪುತ್ತಾರಲ್ಲ, ಅಷ್ಟೇ ಸುಲಭವಾಗಿ. ಅವ್ವ ತಂದಿಟ್ಟ ಸಕ್ಕರೆಯನ್ನು ಆ ಸಂಜೆ ಓಣಿಗೆ ಹಂಚಿದೆವು. ಕೂಡ್ಲಿಗಿಗೆ ನನ್ನ ಗಂಡ ಫೋನು ಮಾಡಿದ. ಆ ಕಡೆಯವರು ಬಹಳ ಮರ್ಯಾದೆಯಿಂದ, ಚೊಲೋ ಆತು ಬಿಡ್ರಿ, ಮನಿ ಹುಡುಗಿ ಮನಿಯಾಗ ಉಳೀತು, ಎಂದರಂತೆ.

ಈಗ ಅವರು ಹಡಗಲಿಯಲ್ಲಿದ್ದಾರೆ, ತಮ್ಮನ ಕೆಲಸ ಆ ಕಡೆಗೇ ಹೆಚ್ಚು. ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಿ ಎರಡನೆಯ ವರ್ಷ ನಡೆಯುತ್ತಿದೆ. ಕಳೆದ ತಿಂಗಳು ಎರಡು ದಿನ ಹೋಗಿದ್ದೆ. ಜಗಳವಿಲ್ಲ, ಸಿಡುಕಿಲ್ಲ. ತಮ್ಮ ಬರುವಾಗ ಅವಳಿಗೆಂದು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದ. ಅವಳು ಎರಡು ತಟ್ಟೆಗೆ ಹಾಕಿದಳು, ಅವನು ತನ್ನದನ್ನು ಟಿ.ವಿ. ಮುಂದೆ ಒಯ್ದ, ಅವಳು ತನ್ನದನ್ನು ಕಟ್ಟೆಗೆ ತಂದು ನನ್ನ ಜೊತೆ ಹಂಚಿಕೊಂಡಳು. ನೋಡಬಾರದು ಎಂದುಕೊಂಡೇ ನಾನು ಎರಡೂ ದಿನ ಅವರನ್ನು ನೋಡಿದೆ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಗುರುತು ಹಾಕಿಕೊಳ್ಳುವವಳಂತೆ. ಅವನು ಒಳಗೆ ಬಂದಾಗ ಅವಳ ಕಣ್ಣು ಮೇಲೇಳುತ್ತದೆಯೇ. ಅವಳು ಮಾತಾಡುವಾಗ ಅವನ ಕೈ ನಿಲ್ಲುತ್ತದೆಯೇ. ಏಳಲಿಲ್ಲ, ನಿಲ್ಲಲಿಲ್ಲ. ನಾನು ನೋಡದಿದ್ದಾಗ ಆಗಿರಬಹುದು. ಹಾಗೆಂದು ಬರೆದುಕೊಂಡರೆ ನನಗೆ ಒಂದಿಷ್ಟು ನಿದ್ದೆ ಬಂದೀತು.

ಹೊರಡುವ ದಿನ ಬೆಳಗ್ಗೆ ಇಬ್ಬರೂ ಅಡಿಗೆಮನೆಯಲ್ಲಿ ಪುಂಡಿಪಲ್ಯೆಯ ಸೊಪ್ಪು ಸೋಸುತ್ತ ಕೂತಿದ್ದೆವು. ತಮ್ಮ ಕೆಲಸಕ್ಕೆ ಹೋಗಿದ್ದ.

"ಅವ್ವಾ," ಎಂದಳು, ಎಲೆ ಕೀಳುತ್ತಲೇ. "ನಿನಗ ಎಷ್ಟು ವರ್ಷಕ್ಕ ಅನಿಸ್ತು?"

ಆಪಾದನೆಯ ದನಿಯಿರಲಿಲ್ಲ. ಇದ್ದಿದ್ದರೆ ನಾನು ಅತ್ತು, ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು ಎಂದು ಕೇಳುವಾಗಿನ ದನಿ ಅದು. ಅವಳು ನನ್ನನ್ನು ನಂಬಿಕೊಂಡೇ ಇದ್ದಳು. ಪೂರ್ತಿ ನಂಬಿ, ಕಾಯುತ್ತಿದ್ದಳು.

"ಎಂಟು," ಎಂದೆ.

ಯಾಕೆ ಎಂಟು ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ. ಐದು ಎಂದರೆ ಬೇಗ ಬಂದುಬಿಡುತ್ತದೆ, ಹತ್ತು ಎಂದರೆ ಅವಳ ಧೈರ್ಯ ಕುಸಿಯುತ್ತದೆ ಎಂದು ಆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿರಬೇಕು. ಅಷ್ಟು ಚುರುಕಾಗಿ ಸುಳ್ಳು ಹೇಳಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಎಂಟಾ," ಎಂದಳು ಅವಳು. ಮನಸ್ಸಿನಲ್ಲೇ ಎಂಟರಲ್ಲಿ ಆಗಿಹೋದ ವರ್ಷವನ್ನು ಕಳೆದು ನೋಡಿದಂತಿತ್ತು. ಸೊಪ್ಪಿನ ಮುಂದಿನ ಕಟ್ಟನ್ನು ಹತ್ತಿರ ಎಳೆದುಕೊಂಡು ಬಿಚ್ಚಿದಳು.